ಮೊದಲು ರಿಜಿಸ್ಟರ್, ಆಮೇಲೆ ಸರ್ಟಿಫಿಕೇಟ್

ಎಲ್ಲರಿಗೂ ನಮಸ್ಕಾರ. ನನಗಿಂತ ಮೊದಲು ಮಾತಾಡಿದವರು ಷೇರು ಸರ್ಟಿಫಿಕೇಟಿನ ಕಾಗದ, ಬಣ್ಣ, ಬಾರ್ಡರ್ ಬಗ್ಗೆ ಚೆನ್ನಾಗಿ ಹೇಳಿದರು. ಬಾರ್ಡರಿನ ಒಳಗಿನ ವಿಷಯ ನನ್ನ ಪಾಲಿಗೆ ಬಂದಿದೆ. ನನ್ನದು ಒಂದೇ ಹಟ: ಮೊದಲು ಸದಸ್ಯರ ರಿಜಿಸ್ಟರ್, ಅಂದರೆ ಯಾರ ಹತ್ತಿರ ಎಷ್ಟು ಷೇರು ಅಂತ ಬರೆದಿಡುವ ಕಂಪನಿಯ ಪುಸ್ತಕ ಬರೆಯಿರಿ, ಆಮೇಲೆ ಸರ್ಟಿಫಿಕೇಟ್ ಮುಟ್ಟಿ.

ಒಂದು ಕಥೆ ಇದೆ. ಕೆಲವರು ನನ್ನ ಬಾಯಲ್ಲೇ ಕೇಳಿರುತ್ತೀರಿ, ಸಹಿಸಿಕೊಳ್ಳಿ. 2010ರಲ್ಲಿ ನೆದರ್ಲೆಂಡ್ಸಿನ ಹೋರ್ನ್ ಊರಿನ ದಾಖಲೆ ಸಂಗ್ರಹದಲ್ಲಿ ಒಬ್ಬ ವಿದ್ಯಾರ್ಥಿ ತನ್ನ ಪ್ರಬಂಧಕ್ಕೆಂದು ಹಳೇ ಕಾಗದ ತಿರುವಿ ಹಾಕುತ್ತಿದ್ದ. ಡಚ್ ಈಸ್ಟ್ ಇಂಡಿಯಾ ಕಂಪನಿಯ ಷೇರಿನ ಕಾಗದ ಸಿಕ್ಕಿತು. ತಾರೀಕು 1606ರ ಸೆಪ್ಟೆಂಬರ್ 9. ಈಗ ಗೊತ್ತಿರುವವುಗಳಲ್ಲಿ ಅದೇ ಅತಿ ಹಳೆಯದು. ಷೇರುದಾರ ಪೀಟರ್ ಹಾರ್ಮೆನ್ಸ್, ಎಂಕ್‌ಹೌಸೆನ್ ಊರಿನ ಮೇಯರ್‌ಗಳ ಹತ್ತಿರ ಕೆಲಸಕ್ಕಿದ್ದವನು. ಹೂಡಿದ್ದು 150 ಗಿಲ್ಡರ್. ಒಳಗಿನ ಪುಟಗಳಲ್ಲಿ 1650ರವರೆಗೆ ಬಂದ ಡಿವಿಡೆಂಡಿನ ಲೆಕ್ಕವೂ ಇದೆ. ಎಂಥ ಅಚ್ಚುಕಟ್ಟು ನೋಡಿ! ನಮ್ಮಲ್ಲಿ ಎಷ್ಟು ಜನ ಹೋದ ವರ್ಷದ ಡಿವಿಡೆಂಡ್ ಬರೆದಿಟ್ಟಿದ್ದೇವೆ?

ಮಜಾ ಇರೋದು ಮುಂದೆ. ಆ ಕಾಗದ ಕೊನೆ ಕಂತು ಕಟ್ಟಿದ್ದಕ್ಕೆ ಕೊಟ್ಟ ರಸೀದಿ, ಅಷ್ಟೇ. ಷೇರು ಯಾರದು ಅನ್ನೋದು ಕಂಪನಿಯ ಪುಸ್ತಕದಲ್ಲಿತ್ತು. ಮಾರಬೇಕಾದರೆ ಕಂಪನಿ ಕಚೇರಿಗೇ ಹೋಗಿ ಪುಸ್ತಕದಲ್ಲಿ ಹೆಸರು ಬದಲಾಯಿಸಬೇಕಿತ್ತು. ಅದಕ್ಕೆ ಇಬ್ಬರು ಡೈರೆಕ್ಟರ್‌ಗಳ ಒಪ್ಪಿಗೆಯೂ ಬೇಕಿತ್ತು. ಬರೀ ಕಾಗದ ಕೈ ಬದಲಾದರೆ ಏನೂ ಆಗುತ್ತಿರಲಿಲ್ಲ. ಆಗಲೂ ಮೊದಲು ರಿಜಿಸ್ಟರ್, ಅಲ್ವಾ?

ಈಗ ಕೆಲಸದ ಮಾತು. ಯಾರಿಗೆ ಎಷ್ಟು ಷೇರು ಅಂತ ಬೋರ್ಡು ಅಲಾಟ್‌ಮೆಂಟ್ ಠರಾವು ಮಾಡಿದ ಮೇಲೆ ಫೋಲಿಯೊ, ಅಂದರೆ ರಿಜಿಸ್ಟರಿನಲ್ಲಿ ಆ ಸದಸ್ಯರ ಪುಟ, ತೆರೆಯಿರಿ. ಅದನ್ನು ನೋಡಿಕೊಂಡು ಸರ್ಟಿಫಿಕೇಟಿಗೆ ಇಳಿಸಿ: ಹೆಸರು, ಷೇರುಗಳ ಸಂಖ್ಯೆ, ಯಾವ ವರ್ಗ, ಮುಖಬೆಲೆ, ಎಷ್ಟು ಹಣ ಬಂದಿದೆ. ಷೇರುಗಳಿಗೆ ಬಿಡಿ ನಂಬರ್ ಇದ್ದರೆ ಅಲ್ಲಿ ಜಾಸ್ತಿ ಹುಷಾರಾಗಿರಿ. ಒಬ್ಬರದು 1ರಿಂದ 100 ಆದರೆ ಮುಂದಿನವರದು 101ರಿಂದ ಶುರು. 100 ಎರಡು ಕಡೆ ಬಂತೋ, ಒಂದೇ ಷೇರಿಗೆ ಇಬ್ಬರು ಯಜಮಾನರು. ಜಂಟಿ ಹೆಸರಿದ್ದರೆ ಅರ್ಜಿಯಲ್ಲಿದ್ದ ಕ್ರಮದಲ್ಲೇ ಬರೆಯಿರಿ. ನೋಟಿಸು, ಡಿವಿಡೆಂಡ್ ಸಾಮಾನ್ಯವಾಗಿ ಮೊದಲ ಹೆಸರಿಗೆ ಹೋಗುತ್ತವೆ. ಹೆಸರು ಹಿಂದೆಮುಂದೆ ಮಾಡಿ ಅಣ್ಣತಮ್ಮಂದಿರ ಜಗಳಕ್ಕೆ ನೀವು ಕಾರಣವಾಗಬೇಡಿ.

ಎಷ್ಟು ಹಣ ಬಂದಿದೆ ಅನ್ನೋ ಸಾಲು ಸುಮ್ನೆ ಅಲ್ಲ. ಅರ್ಧ ಹಣ ಬಂದಾಗ ಪೂರ್ತಿ ಬಂದಿದೆ ಎಂದು ಬರೆದುಬಿಟ್ಟರೆ, ಅದನ್ನು ನಂಬಿ ಷೇರು ಕೊಂಡವರ ಹತ್ತಿರ ಕಂಪನಿ ಬಾಕಿ ಕೇಳುವಂತಿಲ್ಲ ಎಂದು ಇಂಗ್ಲೆಂಡಿನ ಕೋರ್ಟು 19ನೇ ಶತಮಾನದಲ್ಲೇ ಹೇಳಿದೆ. ರಿಜಿಸ್ಟರ್ ಪಕ್ಕದಲ್ಲಿಟ್ಟುಕೊಂಡು ಬರೆದಿದ್ದರೆ ಈ ತಲೆನೋವೇ ಇಲ್ಲ. ಡೈರೆಕ್ಟರ್ ಊರಲ್ಲಿರೋದಿಲ್ಲ ಎಂದು ಖಾಲಿ ಸರ್ಟಿಫಿಕೇಟಿಗೆ ಸಹಿ ಹಾಕಿಸಿ ಬೀರುವಿನಲ್ಲಿಡುವ ಜಾಣರಿದ್ದಾರೆ. ದಯವಿಟ್ಟು ಬೇಡ.

ಚೀಟಿ ಬಂತು, ಎರಡೇ ನಿಮಿಷವಂತೆ. ಕಥೆ ಹೇಳುವಾಗಲೇ ಕೊಡಬಾರದಿತ್ತೇ! ಬೇಗ ಹೇಳುತ್ತೇನೆ. ಕೌಂಟರ್‌ಫಾಯಿಲ್‌ನಲ್ಲಿ, ಅಂದರೆ ಸರ್ಟಿಫಿಕೇಟ್ ಹರಿದು ಕೊಟ್ಟ ಮೇಲೆ ನಮ್ಮಲ್ಲೇ ಉಳಿಯುವ ಭಾಗದಲ್ಲಿ, ತೆಗೆದುಕೊಂಡವರ ಸಹಿ ಇರಲಿ. ಷೇರು ಬೇರೆಯವರ ಹೆಸರಿಗೆ ವರ್ಗಾವಣೆ ಆದಾಗ ಹಳೇ ಸರ್ಟಿಫಿಕೇಟ್ ವಾಪಸ್ ಪಡೆದು ರದ್ದು ಮಾಡಿ, ಆಮೇಲೆ ಹೊಸದು. ಕಳೆದುಹೋಗಿದೆ ಅಂದರೆ ಬರಹದಲ್ಲಿ ಅರ್ಜಿ, ಮುಂದೆ ಕಂಪನಿಗೆ ನಷ್ಟವಾದರೆ ತುಂಬಿಕೊಡುತ್ತೇನೆ ಅನ್ನೋ ನಷ್ಟಭರ್ತಿಯ ಬಾಂಡ್ ಪಡೆದು, 'ನಕಲು ಪ್ರತಿ' ಎಂದು ನಮೂದಿಸಿ ಕೊಡಿ. ಡಿಮ್ಯಾಟ್, ಅಂದರೆ ಕಾಗದವಿಲ್ಲದೆ ಕಂಪ್ಯೂಟರ್ ಲೆಕ್ಕದಲ್ಲಿಡುವ ಷೇರಿನ ವಿಷಯ ಮುಟ್ಟಲಿಲ್ಲ. 1968ರಲ್ಲಿ ನ್ಯೂಯಾರ್ಕ್ ಷೇರುಪೇಟೆ ಈ ಕಾಗದದ ರಾಶಿ ಕರಗಿಸಲು ಬುಧವಾರ ಬಾಗಿಲು ಹಾಕುತ್ತಿತ್ತು, ಅಲ್ಲಿಂದ ಶುರು ಮಾಡಬೇಕು ಆ ಮಾತು. ಎಷ್ಟು ದಿನದೊಳಗೆ ಕೊಡಬೇಕು, ಸ್ಟಾಂಪ್ ಎಷ್ಟು ಅನ್ನೋದು ಆಯಾ ದೇಶದ ಕಾನೂನು. ಪ್ರಶ್ನೆ ಇದ್ದವರು ಕೈ ಎತ್ತಿ.