ಎರೆ ನೆಲದ ರಸ್ತೆ ಮೊದಲು ಕೆಡುವುದು ಅಂಚಿನಲ್ಲಿ

ಎಲ್ಲರಿಗೂ ನಮಸ್ಕಾರ. ಅಣ್ಣಿಗೇರಿ, ನವಲಗುಂದ ಸೀಮೆಯ ರಸ್ತೆ ಅಂದಕೂಡಲೇ ಮಾತು ಡಾಂಬರಿಗೆ ಹೋಗುತ್ತದೆ. ನಾನು ಮಣ್ಣಿನಿಂದ ಶುರು ಮಾಡುತ್ತೇನೆ.

ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ರಸ್ತೆಯ ನಡುಭಾಗ ಮುಚ್ಚಿರುವುದರಿಂದ ಅಲ್ಲಿನ ತೇವ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಸಮ. ಅಂಚಿನ ಮಣ್ಣು ಮಾತ್ರ ಮಳೆಗೆ ಏಳುತ್ತದೆ, ಬಿಸಿಲಿಗೆ ಕುಸಿಯುತ್ತದೆ. ಅದಕ್ಕೇ ಮೊದಲ ಬಿರುಕು ಅಂಚಿನಿಂದ ಒಂದೆರಡು ಅಡಿ ಒಳಗೆ, ರಸ್ತೆಯುದ್ದಕ್ಕೂ ಗೆರೆ ಎಳೆದಂತೆ ಬೀಳುತ್ತದೆ. ನೋಡಿದವರು 'ಡಾಂಬರು ಕಡಿಮೆ ಹಾಕಿದ್ದಾರೆ' ಅನ್ನುತ್ತಾರೆ. ಹಾಕಿರಲೂಬಹುದು, ಆದರೆ ಈ ಬಿರುಕಿಗೆ ಕಾರಣ ಅದಲ್ಲ.

ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 2000ದಲ್ಲಿ ಬಂದ ಮೇಲೆ 3.75 ಮೀಟರ್ ಡಾಂಬರು, ಎರಡೂ ಬದಿಯ ಮಣ್ಣಿನ ಅಂಚೂ ಸೇರಿ 7.5 ಮೀಟರ್ ಅಗಲ ಎಂಬ ಅಳತೆ ರೂಢಿಯಾಗಿದೆ. ಬಸ್ಸಿಗೆ ಎದುರಾಗಿ ಹತ್ತಿ ತುಂಬಿದ ಟ್ರ್ಯಾಕ್ಟರ್ ಬಂದರೆ ಎರಡೂ ಅಂಚಿಗೆ ಇಳಿಯಲೇಬೇಕು. ಹಾಗಾಗಿ ಅಂಚೂ ರಸ್ತೆಯೇ, ಅದಕ್ಕೆ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು ಹಾಕಿ ರೋಲರ್ ಹೊಡೆಯಬೇಕು. ಆಗುವುದೇನು? ಪಕ್ಕದ ಹೊಲದ ಎರೆ ಮಣ್ಣನ್ನೇ ಎಳೆದು ಹಾಕಿ ಬಿಲ್ ಮಾಡುತ್ತಾರೆ. ಆ ಮಣ್ಣು ಉಬ್ಬಿ ಡಾಂಬರಿಗಿಂತ ಎತ್ತರವಾಗುತ್ತದೆ, ಮಳೆನೀರು ಹೊರಗೆ ಹೋಗದೆ ಅಂಚಿಗುಂಟ ನಿಂತು ಒಳಗಿಳಿಯುತ್ತದೆ.

ನೀರು ಹೊರಗೆ ಹರಿಯುವ ಇಳಿಜಾರು ಇದೆಯೇ ಎಂದು ನೋಡಲು, ರಸ್ತೆಗೆ ಅಡ್ಡಲಾಗಿ ಮಟ್ಟಸವಾಗಿ ಹಿಡಿದ ಒಂದು ದಾರ ಸಾಕು. ಶೇ. 3ರ ಇಳಿಜಾರಿದ್ದರೆ ನಡುವಿನಿಂದ ಡಾಂಬರಿನ ತುದಿಗೆ ಸುಮಾರು ಐದೂವರೆ ಸೆಂಟಿಮೀಟರ್ ಇಳಿತ ಸಿಗಬೇಕು. ಗರಸಿನ ಭಾಗದ ಇಳಿಜಾರು ಅದಕ್ಕಿಂತ ತುಸು ಜಾಸ್ತಿಯೇ ಇರಬೇಕು.

ಹೊಸದಾಗಿ ಕಟ್ಟುವಾಗ ತಳದ ಎರೆ ಮಣ್ಣಿಗೆ ಸುಣ್ಣ ಬೆರೆಸುವುದು ಒಳ್ಳೆಯ ದಾರಿ. ಒಣ ಮಣ್ಣಿನ ತೂಕದ ಶೇ. 3 ಎಂದು ಹಿಡಿದರೆ, 15 ಸೆಂಟಿಮೀಟರ್ ದಪ್ಪದ ಪದರಕ್ಕೆ ಚದರ ಮೀಟರಿಗೆ ಸುಮಾರು 7 ಕೆ.ಜಿ. ಬೇಕು. ಸರಿಯಾದ ಪ್ರಮಾಣವನ್ನು ಆ ಮಣ್ಣಿನ ಪರೀಕ್ಷೆಯೇ ಹೇಳಬೇಕು. ಮೊದಲು ಹೆಂಟೆ ಒಡೆಯಿರಿ. ಹೆಂಟೆ ಹಾಗೇ ಉಳಿದರೆ ಸುಣ್ಣ ಮೇಲ್ಮೈಗಷ್ಟೇ ಹತ್ತುತ್ತದೆ, ಒಳಗಿನ ಎರೆ ಎರೆಯಾಗಿಯೇ ಉಳಿಯುತ್ತದೆ. ನೀರು ಹಾಕಿ ಕಲಸಿದ ಮೂರು ಗಂಟೆಯೊಳಗೆ ರೋಲರ್ ಮುಗಿಸಿ, ಏಳು ದಿನ ತೇವ ಆರದಂತೆ ನೋಡಿಕೊಳ್ಳಬೇಕು. ಚೀಲ ಬಿಚ್ಚಿ ತಿಂಗಳುಗಟ್ಟಲೆ ಬಿಟ್ಟ ಸುಣ್ಣ ಬೇಡ, ಗಾಳಿ ತಾಗಿ ಅದರ ಕಸುವು ಹೋಗಿರುತ್ತದೆ.

ಭಾರದ ಲೆಕ್ಕ ಚಿಕ್ಕದು, ಆದರೆ ಕಠಿಣ. ಲಾರಿಯ ಒಂದು ಆಕ್ಸಲ್, ಅಂದರೆ ಗಾಲಿಗಳ ಅಚ್ಚಿನ ಮೇಲಿನ ಭಾರ ಒಂದೂವರೆ ಪಟ್ಟಾದರೆ ರಸ್ತೆಗೆ ಬೀಳುವ ಪೆಟ್ಟು ಸುಮಾರು ಐದು ಪಟ್ಟು. ಮಳೆ ನಿಂತ ಮರುದಿನವೇ ಮರಳಿನ ಲಾರಿ ಹಾದರೆ ಇನ್ನೂ ಕೆಟ್ಟದ್ದು.

ಗುಂಡಿ ಮುಚ್ಚುವಾಗ ಗಟ್ಟಿ ಪದರ ಸಿಗುವವರೆಗೆ ಚೌಕಾಗಿ, ಬದಿ ನೆಟ್ಟಗಿರುವಂತೆ ಕತ್ತರಿಸಿ, ಧೂಳು ತೆಗೆದು, ಬದಿಗೂ ಡಾಂಬರು ಸವರಿ, ಮಿಶ್ರಣ ತುಸು ಎತ್ತರಕ್ಕೆ ತುಂಬಿ ಒತ್ತಬೇಕು. ತಳದಿಂದ ನೀರು ಜಿನುಗುತ್ತಿದ್ದರೆ ಇದೆಲ್ಲ ದಂಡ, ಮೊದಲು ಗಟಾರ ನೋಡಿ.

ಗಟಾರ ಮುಚ್ಚುವವರು ನಾವೇ. ಹೊಲಕ್ಕೆ ಟ್ರ್ಯಾಕ್ಟರ್ ಇಳಿಸಲು ಮಣ್ಣು ಸುರಿಯುತ್ತೇವೆ, ಅಲ್ಲಿಂದ ಹಿಂದಕ್ಕೆ ನೀರು ನಿಲ್ಲುತ್ತದೆ. ಸುರಿಯುವ ಮೊದಲು ಒಂದು ಸಿಮೆಂಟ್ ಪೈಪ್ ಇಡಿ. ಮೋರಿಗಳಲ್ಲಿ ಹತ್ತಿಕಟ್ಟಿಗೆ, ಜಾಲಿಮುಳ್ಳು ಸಿಕ್ಕಿಕೊಳ್ಳುತ್ತವೆ. 60 ಸೆಂಟಿಮೀಟರಿನ ಪೈಪಿನೊಳಗಿಂದ ಅದನ್ನು ಎಳೆದು ತೆಗೆಯುವುದು ಕಷ್ಟ, ಒಂದು ಮೀಟರಿನದಾದರೆ ಸಲಿಕೆ ಆಡುತ್ತದೆ. ಈ ಕೆಲಸ ರೋಹಿಣಿ ಮಳೆಗೆ ಮುಂಚೆ ಆಗಬೇಕು. ಬೆಣ್ಣೆಹಳ್ಳ ತುಂಬಿದ ಮೇಲೆ ಜೆಸಿಬಿ ಇಳಿಸಿದರೆ ಅದರ ಗಾಲಿಯೇ ಮಿಕ್ಕ ಅಂಚನ್ನೂ ಮುರಿಯುತ್ತದೆ.