ವಜ್ರ ಯಾರ ನೆಲದ್ದು, ದುಡ್ಡು ಯಾರ ಜೇಬಿಗೆ?

ನಮಸ್ಕಾರ. ಇವತ್ತು ವಜ್ರದ ಮಾತು. ಗಾಬರಿ ಬೇಡ, ಯಾವ ಒಡವೆ ಅಂಗಡಿಯವರೂ ನನಗೆ ದುಡ್ಡು ಕೊಟ್ಟಿಲ್ಲ.

ನಮ್ಮ ಮೈಸೂರಿನವರನ್ನ ಗಮನಿಸಿದ್ದೀರಾ? ದೇವರಾಜ ಮಾರುಕಟ್ಟೆಯಲ್ಲಿ ಬಾಳೆಹಣ್ಣು ಕೊಳ್ಳುವಾಗ, ಇದು ನಿಜವಾಗ್ಲೂ ನಂಜನಗೂಡು ರಸಬಾಳೆನೇನಾ ಅಂತ ಎರಡು ಸಲ ಕೇಳುತ್ತಾರೆ. ಮಲ್ಲಿಗೆಗೆ ಊರು ಬೇಕು, ವೀಳ್ಯದೆಲೆಗೆ ಊರು ಬೇಕು, ರೇಷ್ಮೆ ಸೀರೆಗಂತೂ ಬೇಕೇ ಬೇಕು. ಅದೇ ಜನ ಅಶೋಕ ರಸ್ತೆಗೆ ಹೋಗಿ ಮಗಳ ಮದುವೆಗೆ ಅಂತ ವಜ್ರದ ಓಲೆ ತೆಗೆಯುತ್ತಾರೆ. ಬಿಳುಪು ಹೇಗಿದೆ, ಒಳಗೆ ಚುಕ್ಕೆ ಇದೆಯಾ, ಸರ್ಟಿಫಿಕೇಟ್ ಕೊಡ್ತೀರಾ, ನಾಳೆ ವಾಪಸ್ ತಂದರೆ ಎಷ್ಟಕ್ಕೆ ಹಿಡೀತೀರಾ. ಎಲ್ಲಾ ಕೇಳುತ್ತಾರೆ. ಈ ಕಲ್ಲು ಯಾವ ದೇಶದ ನೆಲದಿಂದ ಬಂತು ಅಂತ ಕೇಳಿದವರನ್ನ ನಾನಂತೂ ನೋಡಿಲ್ಲ.

ಕೇಳಬೇಕು ಅನ್ನೋದು ನನ್ನ ವಾದ. ಯಾಕೆ ಅಂದರೆ, ವಜ್ರ ಸಿಕ್ಕಿದ್ದರಿಂದ ಒಂದು ದೇಶ ಉದ್ಧಾರ ಆಗಿದೆ, ಇನ್ನೊಂದು ದೇಶ ಹೊತ್ತಿ ಉರಿದಿದೆ. ಕಲ್ಲು ಅದೇ. ಕರಾರು ಮಾತ್ರ ಬೇರೆ.

ಮೊದಲು ಈ ಕಲ್ಲು ಬರೋದು ಎಲ್ಲಿಂದ ಅಂತ ನೋಡಿಬಿಡೋಣ. ಮೈಸೂರಿಂದ ಬೆಂಗಳೂರು ಎಷ್ಟು ದೂರವೋ, ಹೆಚ್ಚುಕಮ್ಮಿ ಅಷ್ಟೇ ದೂರ ನೇರ ಕೆಳಕ್ಕೆ ಹೋಗಬೇಕು. ಅಂದರೆ 150ರಿಂದ 200 ಕಿಲೋಮೀಟರ್ ಆಳ. ಅಲ್ಲಿನ ಬಿಸಿ ಮತ್ತು ಒತ್ತಡಕ್ಕೆ ಇಂಗಾಲ ವಜ್ರವಾಗುತ್ತದೆ. ಬಹುಪಾಲು ವಜ್ರಗಳಿಗೆ 100 ಕೋಟಿ ವರ್ಷಕ್ಕಿಂತ ಜಾಸ್ತಿ ವಯಸ್ಸು. ಆಮೇಲೆ ಯಾವುದೋ ಕಾಲದಲ್ಲಿ ಆಳದಿಂದ ಜ್ವಾಲಾಮುಖಿ ಒಡೆದು, ಬಂಡೆಯನ್ನು ಸೀಳಿಕೊಂಡು, ಈ ಕಲ್ಲುಗಳನ್ನು ಹೊತ್ತು ಮೇಲೆ ಬರುತ್ತದೆ. ಅದು ಬಂದ ದಾರಿ ಹೆಪ್ಪುಗಟ್ಟಿ ಕೊಳವೆಯಾಗಿ ಉಳಿಯುತ್ತದೆ, ಮೇಲೆ ಅಗಲ, ಕೆಳಗೆ ಹೋದಂತೆ ಕಿರಿದು. ಅದರಲ್ಲಿರೋ ಕಲ್ಲಿಗೆ ಕಿಂಬರ್ಲೈಟ್ ಅಂತ ಹೆಸರು. ಎಲ್ಲಾ ಕೊಳವೆಯಲ್ಲೂ ವಜ್ರ ಇರೋದಿಲ್ಲ. ಇದ್ದರೂ ಒಂದು ಟನ್ ಕಲ್ಲಿಗೆ ಒಂದು ಕ್ಯಾರೆಟ್ ಸಿಕ್ಕರೆ ಒಳ್ಳೆ ಗಣಿ ಅಂತಾರೆ. 5 ಕ್ಯಾರೆಟ್ ಸೇರಿದರೆ 1 ಗ್ರಾಂ. 10 ಟನ್ ಹಿಡಿಯೋ ಟಿಪ್ಪರ್ ತುಂಬಾ ಕಲ್ಲು ಪುಡಿ ಮಾಡಿದರೆ ಕೈಗೆ ಬರೋದು 2 ಗ್ರಾಂ.

ಇನ್ನೊಂದು ಜಾತಿ ಇದೆ. ಕೊಳವೆಯ ಬಾಯಿ ಮಳೆಗಾಳಿಗೆ ಸವೆದು, ವಜ್ರ ಹೊಳೆಗೆ ಸೇರಿ, ಜಲ್ಲಿ ಮರಳಿನ ಜೊತೆ ಎಲ್ಲೆಲ್ಲೋ ಹರಡಿಕೊಂಡಿರುತ್ತದೆ. ಅದಕ್ಕೆ ಯಂತ್ರ ಬೇಡ. ಗುದ್ದಲಿ, ಜರಡಿ, ನೀರು ಸಾಕು. ಈ ಎರಡು ಜಾತಿಯ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1720ರ ದಶಕದಲ್ಲಿ ಬ್ರೆಜಿಲ್‌ನಲ್ಲಿ ವಜ್ರ ಸಿಗೋ ತನಕ ಜಗತ್ತಿಗೆ ವಜ್ರ ಅಂದರೆ ಹೆಚ್ಚಾಗಿ ನಮ್ಮ ದೇಶದ್ದೇ. ಕೃಷ್ಣಾ ನದಿ ದಡದ ಕೊಲ್ಲೂರು, ಈಗಿನ ಆಂಧ್ರದಲ್ಲಿದೆ. ನಮ್ಮ ಮೂಕಾಂಬಿಕೆ ಕೊಲ್ಲೂರಲ್ಲ, ಅದು ಬೇರೆ. 17ನೇ ಶತಮಾನದಲ್ಲಿ ಅಲ್ಲಿಗೆ ಬಂದ ಫ್ರೆಂಚ್ ವ್ಯಾಪಾರಿ ತವೆರ್ನಿಯೆ, ಗಂಡಸರು ಹೆಂಗಸರು ಮಕ್ಕಳು ಸೇರಿ 60,000 ಜನ ಕೆಲಸ ಮಾಡುತ್ತಿದ್ದಾರೆ ಅಂತ ಬರೆದಿಟ್ಟ. ಕಲ್ಲುಗಳು ಈಗ ಲಂಡನ್, ಪ್ಯಾರಿಸ್, ವಾಷಿಂಗ್ಟನ್‌ನಲ್ಲಿ ಗಾಜಿನ ಪೆಟ್ಟಿಗೆಯೊಳಗಿವೆ. ಆ 60,000 ಜನರಲ್ಲಿ ಒಬ್ಬರ ಹೆಸರಾದರೂ ನಮಗೆ ಗೊತ್ತಾ?

ಬಳ್ಳಾರಿಯಿಂದ ಅಷ್ಟೇನೂ ದೂರವಿಲ್ಲದ ಅನಂತಪುರದ ವಜ್ರಕರೂರು, ಕರ್ನೂಲು ಕಡೆಯ ಜೊನ್ನಗಿರಿ, ಇಲ್ಲೆಲ್ಲಾ ಈಗಲೂ ಮುಂಗಾರು ಬಿದ್ದ ಕೂಡಲೇ ಜನ ಹೊಲದಲ್ಲಿ ತಲೆ ಬಗ್ಗಿಸಿ ನಡೆಯುತ್ತಾರೆ. ಮಳೆಗೆ ಮಣ್ಣು ತೊಳೆದು ಕಲ್ಲು ಮೇಲೆ ಬಂದಿರುತ್ತದೆ ಅನ್ನೋ ಆಸೆ. ನಮ್ಮ ಕರ್ನಾಟಕದಿಂದಲೂ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಸಿಕ್ಕಿದರೆ ಅಲ್ಲೇ ಕಾದಿರೋ ವ್ಯಾಪಾರಿಗೆ ಸಿಕ್ಕಷ್ಟಕ್ಕೆ ಮಾರಿ ಬರೋದು. ಕರಾರೇ ಇಲ್ಲದ ವ್ಯವಹಾರ ಇದು.

ಮಧ್ಯಪ್ರದೇಶದ ಪನ್ನಾದಲ್ಲಿ ಕರಾರು ಇದೆ. ಅಲ್ಲಿ ಸರ್ಕಾರವೇ 8 ಮೀಟರ್‌ಗೆ 8 ಮೀಟರ್ ಜಾಗವನ್ನು ಚಿಲ್ಲರೆ ದುಡ್ಡಿಗೆ ಗುತ್ತಿಗೆ ಕೊಡುತ್ತದೆ. ಅಗೆಯಬೇಕು, ಜಲ್ಲಿ ತೊಳೆಯಬೇಕು, ಒಣಗಲು ಹರವಬೇಕು, ಆಮೇಲೆ ಕುಕ್ಕರುಗಾಲಲ್ಲಿ ಕೂತು ಅಂಗೈಯಲ್ಲಿ ಒಂದೊಂದೇ ಹಿಡಿ ಸವರಿ ನೋಡಬೇಕು. ಸಿಕ್ಕ ಕಲ್ಲನ್ನು ವಜ್ರ ಕಚೇರಿಗೆ ಒಪ್ಪಿಸಿದರೆ ಅವರು ಹರಾಜು ಹಾಕಿ, ರಾಯಧನ (ಖನಿಜಕ್ಕೆ ಸರ್ಕಾರ ಹಿಡಿಯೋ ಪಾಲು) ಮತ್ತು ತೆರಿಗೆ ಹಿಡಿದುಕೊಂಡು, ಉಳಿದದ್ದನ್ನು ಅಗೆದವನಿಗೇ ಕೊಡುತ್ತಾರೆ. ಕೇಳೋಕೆ ಚೆಂದ. ಆಗಾಗ ಕೂಲಿಯವನೊಬ್ಬ ಲಕ್ಷಾಧಿಪತಿ ಆದ ಅಂತ ಪೇಪರಿನಲ್ಲಿ ಫೋಟೋನೂ ಬರುತ್ತದೆ. ವರ್ಷಗಟ್ಟಲೆ ಅಗೆದು ಬರಿಗೈಲಿ ಮನೆಗೆ ಹೋದವರ ಫೋಟೋ ಯಾರು ಹಾಕುತ್ತಾರೆ? ಆದರೂ ಬಡವನ ಹೆಸರಿಗೆ ಕಾಗದ ಇದೆಯಲ್ಲ, ಅದಕ್ಕೆ ನಾನು ಪನ್ನಾಗೆ ಪಾಸ್ ಮಾರ್ಕ್ ಕೊಡುತ್ತೇನೆ.

ಈಗ ಆಫ್ರಿಕಾ. 1871ರಲ್ಲಿ ದಕ್ಷಿಣ ಆಫ್ರಿಕಾದ ಕಿಂಬರ್ಲಿಯಲ್ಲಿ ಒಂದು ಗುಡ್ಡ ಇತ್ತು. 1914ರ ಹೊತ್ತಿಗೆ ಅಲ್ಲಿ 240 ಮೀಟರ್ ಆಳದ ಹಳ್ಳ. ತೋಡಿದ್ದು ಹಾರೆ, ಗುದ್ದಲಿಯಲ್ಲಿ. 2,700 ಕಿಲೋ ವಜ್ರ ತೆಗೆದರು. ಮೊದಮೊದಲು ಸಣ್ಣ ಸಣ್ಣ ತುಂಡು ಜಾಗ ಹಿಡಿದು ಸಾವಿರಾರು ಜನ ಅಗೆಯುತ್ತಿದ್ದರು. ಸೆಸಿಲ್ ರೋಡ್ಸ್ ಅನ್ನೋ ಬ್ರಿಟಿಷ್ ಉದ್ಯಮಿ ಅದನ್ನೆಲ್ಲಾ ಒಂದೊಂದಾಗಿ ನುಂಗಿ 1888ರಲ್ಲಿ ಡಿ ಬಿಯರ್ಸ್ ಕಂಪನಿ ಕಟ್ಟಿದ. ಕಪ್ಪು ಕಾರ್ಮಿಕರನ್ನು ಬೇಲಿ ಹಾಕಿದ ಆವರಣದೊಳಗೆ ಕೂಡಿಹಾಕುತ್ತಿದ್ದರು. ಒಪ್ಪಂದದ ಅವಧಿ ಮುಗಿಯೋ ತನಕ ಆಚೆ ಬಿಡುತ್ತಿರಲಿಲ್ಲ. ಬಿಡುವ ಮುಂಚೆ ಕಲ್ಲು ನುಂಗಿದ್ದಾರೇನೋ ಅಂತ ಬೇರೆ ಕೂಡಿಟ್ಟು ತಪಾಸಣೆ.

ಕಲ್ಲು ಬೇರ್ಪಡಿಸೋ ವಿದ್ಯೆ ಮಾತ್ರ ನನಗೆ ತುಂಬಾ ಇಷ್ಟ, ಅದನ್ನ ಹೇಳಿಬಿಡುತ್ತೇನೆ. ಪುಡಿ ಮಾಡಿದ ಕಲ್ಲನ್ನು ನೀರಿನ ಜೊತೆ ಗ್ರೀಸ್ ಬಳಿದ ಹಲಗೆಯ ಮೇಲೆ ಹರಿಸುತ್ತಾರೆ. ಬೇರೆ ಕಲ್ಲು ಒದ್ದೆಯಾಗಿ ಜಾರಿ ಹೋಗುತ್ತವೆ. ವಜ್ರಕ್ಕೆ ನೀರು ಅಂಟುವುದಿಲ್ಲ, ಗ್ರೀಸ್ ಅಂಟುತ್ತದೆ. ಹಾಗಾಗಿ ಅದು ಅಲ್ಲೇ ಕಚ್ಚಿಕೊಳ್ಳುತ್ತದೆ. ಆಮೇಲೆ ಗ್ರೀಸ್ ಕೆರೆದು ಕರಗಿಸಿದರೆ ವಜ್ರ. ಕಿಂಬರ್ಲಿಯಲ್ಲಿ 19ನೇ ಶತಮಾನದ ಕೊನೆಗೆ ಕಂಡುಕೊಂಡ ಉಪಾಯ ಇದು. ಈಗ ಎಕ್ಸ್‌ರೇ ಬಂದಿದೆ. ಅದು ಬಿದ್ದಾಗ ವಜ್ರ ಮಿನುಗುತ್ತದೆ, ಯಂತ್ರ ಗಾಳಿ ಊದಿ ಅದನ್ನು ಬುಟ್ಟಿಗೆ ತಳ್ಳುತ್ತದೆ. ಮನುಷ್ಯನ ಕೈ ತಾಗೋದೇ ಇಲ್ಲ. ಕಂಪನಿಗಳಿಗೆ ಬೇಕಾಗಿದ್ದೂ ಅದೇ.

ನಮೀಬಿಯಾದ ಕಥೆ ಇನ್ನೂ ಉರಿಸುತ್ತದೆ. 1908. ಮರುಭೂಮಿಯಲ್ಲಿ ರೈಲು ಹಳಿ ಮೇಲಿನ ಮರಳು ಗುಡಿಸುತ್ತಿದ್ದ ಜಕರಿಯಾಸ್ ಲೆವಾಲಾ ಅನ್ನೋ ಕಾರ್ಮಿಕನಿಗೆ ಒಂದು ಹೊಳೆಯೋ ಕಲ್ಲು ಸಿಕ್ಕಿತು. ಅವನು ಹಿಂದೆ ಕಿಂಬರ್ಲಿಯಲ್ಲಿ ದುಡಿದಿದ್ದವನು, ನೋಡಿದ ತಕ್ಷಣ ಗುರುತು ಹಿಡಿದ. ಪ್ರಾಮಾಣಿಕವಾಗಿ ತನ್ನ ಜರ್ಮನ್ ಮೇಲ್ವಿಚಾರಕ ಸ್ಟಾಖ್ ಕೈಗೆ ಕೊಟ್ಟ. ಸ್ಟಾಖ್ ಸುತ್ತಲ ಜಾಗವನ್ನು ತನ್ನ ಹೆಸರಿಗೆ ಮಾಡಿಸಿಕೊಂಡು ಶ್ರೀಮಂತನಾದ. ಲೆವಾಲಾಗೆ ಒಂದು ಬಿಡಿಗಾಸಿನ ಬಹುಮಾನವೂ ಇಲ್ಲ. ಅಲ್ಲಿ ಕೂಲಿಯವರನ್ನು ಸಾಲಾಗಿ ಮರಳಿನ ಮೇಲೆ ತೆವಳಿಸಿ ವಜ್ರ ಹೆಕ್ಕಿಸುತ್ತಿದ್ದರು. ಈಗ ಅದೇ ದೇಶದ ಕರಾವಳಿಯಲ್ಲಿ ಹಡಗುಗಳು 100 ಮೀಟರ್‌ಗೂ ಆಳದ ಸಮುದ್ರದ ತಳದಿಂದ ಜಲ್ಲಿ ಹೀರಿಕೊಂಡು ವಜ್ರ ತೆಗೆಯುತ್ತವೆ. ಆರೆಂಜ್ ನದಿ ಕೋಟ್ಯಂತರ ವರ್ಷ ಸಮುದ್ರಕ್ಕೆ ಸಾಗಿಸಿದ ವಜ್ರ ಅದು. ಆ ಹಡಗು ನಡೆಸೋ ಕಂಪನಿಯಲ್ಲಿ ಇವತ್ತು ಅರ್ಧ ಪಾಲು ನಮೀಬಿಯಾ ಸರ್ಕಾರದ್ದು.

ಉಳಿದವನ್ನು ಬೇಗ ಮುಗಿಸುತ್ತೇನೆ. ತೂಕದ ಲೆಕ್ಕದಲ್ಲಿ ಅತಿ ಹೆಚ್ಚು ವಜ್ರ ತೆಗೆಯೋದು ರಷ್ಯಾ. ಸೈಬೀರಿಯಾದ ಮಿರ್ ಗಣಿ 500 ಮೀಟರ್‌ಗೂ ಆಳ, 2017ರಲ್ಲಿ ಸುರಂಗಕ್ಕೆ ನೀರು ನುಗ್ಗಿ 8 ಕಾರ್ಮಿಕರು ಮತ್ತೆ ಸಿಗಲೇ ಇಲ್ಲ. ಕೆನಡಾದ ಉತ್ತರದ ಗಣಿಗಳಿಗೆ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳ ಮೇಲೇ ಲಾರಿ ಓಡಿಸುತ್ತಾರೆ. ಗುಲಾಬಿ ವಜ್ರಕ್ಕೆ ಹೆಸರಾದ ಆಸ್ಟ್ರೇಲಿಯಾದ ಆರ್ಗೈಲ್ 2020ರಲ್ಲಿ ಮುಚ್ಚಿತು.

ಬೋಟ್ಸ್ವಾನಾ ಹತ್ತಿರ ಮಾತ್ರ ಸ್ವಲ್ಪ ನಿಲ್ಲಬೇಕು. 1966ರಲ್ಲಿ ಸ್ವತಂತ್ರ ಆದಾಗ ಜಗತ್ತಿನ ಕಡುಬಡ ದೇಶಗಳಲ್ಲಿ ಒಂದು. ಡಾಂಬರು ರಸ್ತೆ ಬೆರಳೆಣಿಕೆಯ ಕಿಲೋಮೀಟರ್. 1967ರಲ್ಲಿ ಒರಾಪಾದಲ್ಲಿ ವಜ್ರ ಸಿಕ್ಕಿತು. ಆ ನೆಲ ಮೊದಲ ಅಧ್ಯಕ್ಷ ಸೆರೆತ್ಸೆ ಖಾಮಾ ಅವರ ಸ್ವಂತ ಬುಡಕಟ್ಟಿನದ್ದು. ನಮ್ಮ ಕಡೆ ಆಗಿದ್ದರೆ ಏನಾಗುತ್ತಿತ್ತು ಅಂತ ನಾನು ಬಾಯಿಬಿಟ್ಟು ಹೇಳಬೇಕಾ? ಅವರ ಸರ್ಕಾರ ಮಾತ್ರ ಅದೇ ವರ್ಷ ಕಾನೂನು ತಂದು, ನೆಲದೊಳಗಿನ ಖನಿಜ ಯಾವ ಬುಡಕಟ್ಟಿನದ್ದೂ ಅಲ್ಲ, ಇಡೀ ದೇಶದ್ದು ಅಂತ ಮಾಡಿತು. ಡಿ ಬಿಯರ್ಸ್ ಜೊತೆ ದೇಶಕ್ಕೆ ಮೊದಲು ಶೇಕಡ 15 ಪಾಲು, ಆಮೇಲೆ ಪಟ್ಟು ಹಿಡಿದು ಅರ್ಧಕ್ಕರ್ಧ. ಆ ದುಡ್ಡಲ್ಲಿ ಶಾಲೆ, ಆಸ್ಪತ್ರೆ, ರಸ್ತೆ. 2013ರಲ್ಲಿ ಲಂಡನ್‌ನಲ್ಲಿ ನಡೆಯುತ್ತಿದ್ದ ವಜ್ರದ ಮಾರಾಟವನ್ನೇ ತಮ್ಮ ರಾಜಧಾನಿಗೆ ಎಳೆದುಕೊಂಡು ಬಂದರು. ಮೌಲ್ಯದ ಲೆಕ್ಕದಲ್ಲಿ ಜಗತ್ತಿನ ಅತಿ ಶ್ರೀಮಂತ ಗಣಿ ಜ್ವಾನೆಂಗ್ ಇರೋದೂ ಅಲ್ಲೇ. ಅದನ್ನು ಪತ್ತೆ ಮಾಡಿದ ಕಥೆಯಲ್ಲಿ ಗೆದ್ದಲಿಗೂ ಪಾಲಿದೆ. ಕಲಹಾರಿ ಮರಳಿನಡಿ ಅಡಗಿದ್ದ ಕಿಂಬರ್ಲೈಟ್‌ನ ಸಣ್ಣ ಹರಳುಗಳನ್ನು ಗೆದ್ದಲು ಮೇಲೆ ಹೊತ್ತು ತಂದು ಹುತ್ತ ಕಟ್ಟಿದ್ದವಂತೆ. ನಾವು ಹುತ್ತಕ್ಕೆ ಹಾಲೆರೆದು ಬರುತ್ತೇವೆ, ಅವರು ಹುತ್ತದ ಮಣ್ಣು ಜರಡಿ ಹಿಡಿದರು.

ಸಿಯೆರಾ ಲಿಯೋನ್‌ಗೆ ಬನ್ನಿ. ಅಲ್ಲೂ ಒಳ್ಳೊಳ್ಳೆ ವಜ್ರ. 1930ರ ದಶಕದಲ್ಲೇ ಬ್ರಿಟಿಷ್ ಆಡಳಿತ ಇಡೀ ದೇಶದ ವಜ್ರವನ್ನು ಒಂದೇ ಕಂಪನಿಗೆ 99 ವರ್ಷಕ್ಕೆ ಬರೆದುಕೊಟ್ಟಿತು. 1991ರಿಂದ 2002ರವರೆಗೆ ಅಂತರ್ಯುದ್ಧ. ಬಂಡುಕೋರರು ವಜ್ರ ಮಾರಿ ಬಂದೂಕು ತಂದರು, ಜನರ ಕೈ ಕಡಿದರು. ಅವರಿಗೆ ಬೆಂಬಲ ಕೊಟ್ಟ ಪಕ್ಕದ ಲೈಬೀರಿಯಾದ ಮಾಜಿ ಅಧ್ಯಕ್ಷ ಚಾರ್ಲ್ಸ್ ಟೇಲರ್‌ಗೆ 2012ರಲ್ಲಿ 50 ವರ್ಷ ಜೈಲು ಆಯ್ತು.

ಕಾಮೆಂಟಿನಲ್ಲಿ ಒಬ್ಬರಾದರೂ ಕೇಳುತ್ತೀರಿ: ಎಲ್ಲಾ ಕರಾರಿನಿಂದಲೇನಾ, ನೆಲದ ಪಾತ್ರ ಇಲ್ವಾ? ಇದೆ. ಆಗಲೇ ಎರಡು ಜಾತಿ ಹೇಳಿದೆನಲ್ಲ. ಬೋಟ್ಸ್ವಾನಾದ್ದು ಕೊಳವೆಯ ವಜ್ರ. ದೊಡ್ಡ ಬಂಡವಾಳ ಬೇಕು, ಬೇಲಿ ಹಾಕಬಹುದು, ಲೆಕ್ಕ ಇಡಬಹುದು. ಸಿಯೆರಾ ಲಿಯೋನ್‌ದು ಬಹುಪಾಲು ಹೊಳೆಯ ವಜ್ರ. ಗುದ್ದಲಿ ಇದ್ದವನು ಅಗೆಯಬಹುದು, ಬಂದೂಕು ಇದ್ದವನು ಕಿತ್ತುಕೊಳ್ಳಬಹುದು. ನೆಲವೂ ಬೋಟ್ಸ್ವಾನಾ ಕಡೆಗಿತ್ತು, ಒಪ್ಪುತ್ತೇನೆ. ಆದರೆ ಕಾಂಗೋದಲ್ಲಿ ಕೊಳವೆಯೂ ಇದೆ, ಹೊಳೆಯೂ ಇದೆ. ಅಲ್ಲಿ ದೇಶ ನಡೆಸಿದವರ ಮನೆ ತುಂಬಿತು, ಅಲ್ಲಿನ ವಜ್ರದ ಊರು ಎಂಬುಜಿ-ಮಾಯಿಯಲ್ಲಿ ಅಗೆಯೋರ ಹೊಟ್ಟೆ ತುಂಬಲಿಲ್ಲ.

ರಕ್ತದ ವಜ್ರ ತಡೆಯೋಕೆ ಅಂತ 2003ರಲ್ಲಿ ಕಿಂಬರ್ಲಿ ಪ್ರಕ್ರಿಯೆ ಅನ್ನೋ ಸರ್ಟಿಫಿಕೇಟ್ ವ್ಯವಸ್ಥೆ ಬಂತು. ಅಂಗಡಿಯವರು ಇದನ್ನೇ ತೋರಿಸಿ ನಿಮ್ಮನ್ನ ಸಮಾಧಾನ ಮಾಡುತ್ತಾರೆ. ಅದು ಹಿಡಿಯೋದು ಬಂಡುಕೋರರಿಗೆ ದುಡ್ಡು ಕೊಡೋ ವಜ್ರವನ್ನ ಮಾತ್ರ. ಸರ್ಕಾರದ ಪಡೆಯೇ ಜನರನ್ನು ಕೊಂದರೆ ಅದರ ವ್ಯಾಖ್ಯೆಗೆ ಬರುವುದಿಲ್ಲ. 2008ರಲ್ಲಿ ಜಿಂಬಾಬ್ವೆಯ ಮರಾಂಗೆಯಲ್ಲಿ ಆಗಿದ್ದು ಅದೇ. ಈ ವ್ಯವಸ್ಥೆ ಕಟ್ಟೋಕೆ ದುಡಿದ ಗ್ಲೋಬಲ್ ವಿಟ್ನೆಸ್ ಸಂಸ್ಥೆಯೇ 2011ರಲ್ಲಿ ಸಾಕು ಅಂತ ಆಚೆ ಬಂತು.

ಹಾಗಾದರೆ ಲ್ಯಾಬ್‌ನಲ್ಲಿ ಬೆಳೆಸಿದ್ದು ಕೊಂಡರೆ ಪಾಪ ಇಲ್ವಲ್ಲ ಅಂತ ಕೇಳ್ತೀರಾ? ಕೊಳ್ಳಿ, ನನ್ನದೇನೂ ತಕರಾರಿಲ್ಲ. ಅದೂ ವಜ್ರವೇ, ಯಂತ್ರ ಇಲ್ಲದೆ ವ್ಯತ್ಯಾಸ ಹೇಳೋಕಾಗಲ್ಲ, ಬೆಲೆಯೂ ಪಾತಾಳಕ್ಕೆ ಬಿದ್ದಿದೆ. ಆದರೆ ಸೂರತ್‌ನಲ್ಲಿ ವಜ್ರ ಬೆಳೆಸೋ ಯಂತ್ರ ತಿರುಗಿದಷ್ಟೂ ಬೋಟ್ಸ್ವಾನಾದ ಬೊಕ್ಕಸ ಖಾಲಿಯಾಗುತ್ತಿದೆ. 2024ರಲ್ಲಿ ಅಲ್ಲಿನ ಆರ್ಥಿಕತೆ ಕುಗ್ಗಿತು, 1966ರಿಂದ ಆಳಿದ ಪಕ್ಷ ಚುನಾವಣೆ ಸೋತಿತು. ಅದೇ ವರ್ಷ ಆಗಸ್ಟ್‌ನಲ್ಲಿ ಅಲ್ಲಿ 2,492 ಕ್ಯಾರೆಟ್‌ನ ಕಲ್ಲು ಸಿಕ್ಕಿತ್ತು, 1905ರ ಕಲಿನನ್ ವಜ್ರ ಬಿಟ್ಟರೆ ಸಿಕ್ಕ ರತ್ನಗುಣದ ವಜ್ರಗಳಲ್ಲಿ ಅದೇ ದೊಡ್ಡದು. ಒಂದು ಕಲ್ಲಿಂದ ದೇಶದ ಸಂಸಾರ ನಡೆಯಲ್ಲ. ಒಳ್ಳೆ ಕರಾರು ಮಾಡಿಕೊಂಡವರಿಗೂ ಒಂದೇ ಬೆಳೆ ನಂಬಿದ್ದರ ಪೆಟ್ಟು ಬಿತ್ತು. ಕಬ್ಬು ನಂಬಿದ ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಂಡ್ಯ ಅಂದೆನಲ್ಲ, ನಮ್ಮ ಲೆಕ್ಕಕ್ಕೂ ಬರೋಣ. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ನಮ್ಮ ಕಾವೇರಿ ನೀರು, ನಮ್ಮ ಚಿನ್ನ. ಗಣಿ ಬ್ರಿಟಿಷ್ ಕಂಪನಿಯದ್ದು, ಸಂಸ್ಥಾನಕ್ಕೆ ರಾಯಧನ. 2001ರಲ್ಲಿ ಗಣಿ ಮುಚ್ಚಿತು, ಆ ಊರಿಗೆ ಉಳಿದದ್ದು ಸೈನೈಡ್ ಬೆರೆತ ಮಣ್ಣಿನ ದಿಬ್ಬ. ಪಾಂಡವಪುರದ ಬೇಬಿ ಬೆಟ್ಟದ ಕಲ್ಲು ಗಣಿ ವಿಷಯವಂತೂ ನಿಮಗೇ ಗೊತ್ತು. ಕೆಆರ್‌ಎಸ್ ಅಣೆಕಟ್ಟೆಗೆ ಅಪಾಯ ಅಂತ ಕೋರ್ಟಿನ ತನಕ ಹೋಯಿತು. ಈಗ ಮಂಡ್ಯ ಜಿಲ್ಲೆಯ ಮರಳಗಾಲದಲ್ಲಿ ಬ್ಯಾಟರಿಗೆ ಬೇಕಾದ ಲಿಥಿಯಂ ಇದೆ ಅಂತಾರೆ. 2020ರಲ್ಲಿ 14,100 ಟನ್ ಅಂತ ಸುದ್ದಿಯಾಯ್ತು. ಮರುವರ್ಷ ಸರ್ಕಾರ ಹೇಳಿದ ಅಂದಾಜು 1,600 ಟನ್. ಅಂದರೆ ಟಿವಿಯವರು ಕುಣಿದಷ್ಟು ಇಲ್ಲ. ಆದರೂ ನಾಳೆ ಅಗೆಯೋಕೆ ಬಂದರೆ ಪಾಲು ಎಷ್ಟು, ನೀರು ಎಲ್ಲಿಂದ, ಹಳ್ಳ ಮುಚ್ಚೋರು ಯಾರು ಅಂತ ಮುಂಚೆನೇ ಕೇಳಿಡೋದು ಒಳ್ಳೇದಲ್ವಾ?

ಕೇಳೋಕೆ ಒಂದು ದಾರಿ ಈಗಲೇ ಇದೆ. 2015ರ ಕಾನೂನು ತಿದ್ದುಪಡಿ ಪ್ರಕಾರ ಗಣಿ ನಡೆಸೋರು ರಾಯಧನದ ಮೇಲೆ ಇನ್ನೊಂದು ಪಾಲನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕಟ್ಟಬೇಕು. ಗಣಿಯಿಂದ ತೊಂದರೆ ಆದ ಊರುಗಳಿಗೆ ಅಂತಲೇ ಇರೋ ದುಡ್ಡು ಅದು. ನಿಮ್ಮ ತಾಲೂಕಿಗೆ ಎಷ್ಟು ಬಂತು, ಯಾವ ಕೆಲಸಕ್ಕೆ ಹೋಯಿತು ಅಂತ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. 10 ರೂಪಾಯಿ ಶುಲ್ಕ. ಈಗಾಗಲೇ ಹಾಕಿದವರಿದ್ದರೆ ಏನು ಉತ್ತರ ಬಂತು ಅಂತ ಕೆಳಗೆ ಬರೆಯಿರಿ, ಮುಂದಿನ ಸಲ ಅದನ್ನೇ ಓದೋಣ.