ಕೊನೇ ಮನೇಲಿ ಟ್ಯೂಬ್‌ಲೈಟ್ ಯಾಕೆ ಹತ್ತಲ್ಲ?

ಮಕ್ಕಳೇ, ಎಲ್ರಿಗೂ ನಮಸ್ಕಾರ. ಇವತ್ತು ಕರೆಂಟಿನ ವಿಷಯ. ಮೊದ್ಲೇ ನಂದೊಂದು ತಕರಾರಿದೆ, ನಾವು ಎಲ್ಲದಕ್ಕೂ ಕರೆಂಟು ಅಂತೀವಿ. ಕರೆಂಟ್ ಹೋಯ್ತು, ಕರೆಂಟ್ ಬಂತು, ಕರೆಂಟ್ ಹೊಡೀತು, ಕರೆಂಟ್ ಬಿಲ್ ಕಟ್ಟಿಲ್ಲ. ಮನೇಲಿ ಇದ್ರಿಂದ ಏನೂ ತೊಂದ್ರೆ ಇಲ್ಲ ಬಿಡಿ, ಆದ್ರೆ ಪಾಠದಲ್ಲಿ ವಿದ್ಯುತ್ ಪ್ರವಾಹ, ವಿಭವಾಂತರ, ರೋಧ ಅಂತ ಮೂರು ಹೆಸರು ಒಟ್ಟಿಗೆ ಬಂದ್ವು ಅಂದ್ರೆ ತಲೆ ಕೆಡತ್ತೆ, ಯಾಕಂದ್ರೆ ನಮ್ಮ ತಲೇಲಿರೋದು ಒಂದೇ ಕರೆಂಟು.

ನಾನು ಚಿಕ್ಕೋನಿದ್ದಾಗ ಊರಲ್ಲಿ ನಮ್ಮದೇ ಕೊನೇ ಮನೆ, ಟ್ರಾನ್ಸ್‌ಫಾರ್ಮರ್ ಇದ್ದದ್ದು ಊರಿನ ಆ ತುದೀಲಿ. ಸಂಜೆ ಸ್ವಿಚ್ ಹಾಕಿದ್ರೆ ಟ್ಯೂಬ್‌ಲೈಟ್ ಎರಡು ತುದೀಲೂ ಕೆಂಪಗಾಗಿ ಮಿಣಕ್ ಮಿಣಕ್ ಅಂತಿತ್ತೇ ಹೊರತು ಹತ್ತಿಕೊಳ್ತಿರಲಿಲ್ಲ. ಅಪ್ಪ ಸ್ಟೂಲ್ ಹತ್ತಿ ಸ್ಟಾರ್ಟರ್ ತಿರುಗಿಸಿ ತಿರುಗಿಸಿ ಸಾಕಾಗಿ "ವೋಲ್ಟೇಜೇ ಇಲ್ಲ ಕಣೋ" ಅಂತ ಇಳಿಯೋರು. ಟ್ರಾನ್ಸ್‌ಫಾರ್ಮರ್ ಪಕ್ಕದ ಮನೇಲಿ ಮಾತ್ರ ಬೆಳ್ಳಗೆ ಬೆಳಕು. ಒಂದೇ ಲೈನು, ಒಂದೇ ಹೊತ್ತು, ನಮಗ್ಯಾಕಿಲ್ಲ ಅಂತ ಸಿಟ್ಟು ಬರೋದು.

ತೋಟಕ್ಕೆ ಉದ್ದ ಪೈಪ್ ಎಳೆದು ನೀರು ಬಿಟ್ಟಿದ್ದೀರಾ? ಮೋಟರ್ ಹತ್ರ ನೀರು ರಭಸವಾಗಿ ಬರತ್ತೆ, ಕೊನೇ ಗಿಡದ ಹತ್ರ ಸಪ್ಪೆ. ನೀರನ್ನ ನೂಕೋ ಒತ್ತಡ ದಾರೀಲೇ ಖರ್ಚಾಗತ್ತೆ. ತಂತೀಲೂ ಹಂಗೇ. ನೂಕೋ ಶಕ್ತಿ ವೋಲ್ಟ್, ಪುಸ್ತಕದ ವಿಭವಾಂತರ ಅಂದ್ರೆ ಇದೇ. ಎಷ್ಟು ಹರೀತಾ ಇದೆ ಅನ್ನೋದು ಆಂಪಿಯರ್, ನಿಜವಾದ ಕರೆಂಟ್ ಇದು. ಹರಿಯೋಕೆ ತಂತಿ ಒಡ್ಡೋ ಅಡ್ಡಿ ರೋಧ, ಅದರ ಅಳತೆ ಓಮ್. ತಂತಿ ಉದ್ದ ಆದಷ್ಟೂ ಸಣ್ಣ ಆದಷ್ಟೂ ಅಡ್ಡಿ ಜಾಸ್ತಿ.

ಈಗ ಲೆಕ್ಕ. ಟ್ರಾನ್ಸ್‌ಫಾರ್ಮರಿಂದ ನಮ್ಮ ಮನೆವರೆಗೆ ಹೋಗಿ ಬರೋ ತಂತಿಯ ರೋಧ 2 ಓಮ್ ಅಂತ ಇಟ್ಕೊಳ್ಳಿ. ಸಂಜೆ ಎಲ್ರೂ ಪಂಪು, ಮಿಕ್ಸಿ, ಹೀಟರ್ ಹಾಕಿದಾರೆ, ತಂತೀಲಿ 25 ಆಂಪಿಯರ್ ಹರೀತಿದೆ. ಆಂಪಿಯರನ್ನ ಓಮ್‌ನಿಂದ ಗುಣಿಸಿದ್ರೆ ದಾರೀಲಿ ಖರ್ಚಾಗೋ ವೋಲ್ಟ್ ಸಿಗತ್ತೆ. 25 ಗುಣಿಸು 2, 50 ವೋಲ್ಟ್ ದಾರೀಲೇ ಹೋಯ್ತು. 230 ಹೊರಟಿದ್ದು ನಮ್ಮ ಮನೆಗೆ ಬಂದದ್ದು 180. ಆ ಹಳೇ ಚೋಕಿನ ಟ್ಯೂಬ್‌ಲೈಟ್‌ಗೆ ಅದು ಸಾಲಲ್ಲ. ಹೋದ 50 ವೋಲ್ಟು ಏನಾಯ್ತು ಅಂತೀರಾ, ತಂತಿ ಬಿಸಿ ಆಯ್ತು ಅಷ್ಟೇ. ವೋಲ್ಟನ್ನ ಆಂಪಿಯರ್‌ನಿಂದ ಗುಣಿಸಿದ್ರೆ ವ್ಯಾಟ್, ಅಂದ್ರೆ ಸೆಕೆಂಡಿಗೆ ಎಷ್ಟು ಶಕ್ತಿ ಖರ್ಚಾಗತ್ತೆ ಅನ್ನೋ ಅಳತೆ. 50 ಗುಣಿಸು 25, 1250 ವ್ಯಾಟ್, ಒಂದು ಇಸ್ತ್ರಿಪೆಟ್ಟಿಯಷ್ಟು ಶಾಖ, ಕಾಗೆ ಕಾಲು ಬೆಚ್ಚಗಾಗಿದ್ದು ಬಿಟ್ರೆ ಯಾರಿಗೂ ಉಪಯೋಗ ಇಲ್ಲ.

ಅರ್ಧ ಕಿಲೋಮೀಟರಿಗೇ ಹಿಂಗಾದ್ರೆ, 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೆಂಗೆ ಕಳಿಸಿದ್ರು? ಸುಮಾರು 147 ಕಿಲೋಮೀಟರ್ ದೂರ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಕೆಲಸ ಅದು, ಬೆಂಗಳೂರಿನ ಬೀದಿಗೆ ಕರೆಂಟ್ ದೀಪ ಬಂದದ್ದೇ ಆಮೇಲೆ, 1905ರಲ್ಲಿ. ಉಪಾಯ ಏನಪ್ಪಾ ಅಂದ್ರೆ, ತಲುಪೋ ವ್ಯಾಟ್ ಅಂದ್ರೆ ವೋಲ್ಟ್ ಗುಣಿಸು ಆಂಪಿಯರ್ ತಾನೆ, ವೋಲ್ಟನ್ನ ಹತ್ತು ಪಟ್ಟು ಏರಿಸಿದ್ರೆ ಆಂಪಿಯರ್ ಹತ್ತರಲ್ಲೊಂದು ಭಾಗ ಸಾಕು, ಆಗ ಅದೇ ತಂತೀಲಿ ದಾರೀಲಿ ಹೋಗೋ ವೋಲ್ಟೂ ಹತ್ತರಲ್ಲೊಂದಾಗತ್ತೆ, ಎರಡನ್ನೂ ಗುಣಿಸಿದ್ರೆ ಶಾಖ ನೂರರಲ್ಲೊಂದು ಭಾಗಕ್ಕೆ ಇಳಿಯತ್ತೆ. ಹತ್ತರಲ್ಲೊಂದಲ್ಲ, ನೂರರಲ್ಲೊಂದು, ಪರೀಕ್ಷೇಲಿ ತಪ್ಪೋದು ಇಲ್ಲೇ ನೋಡಿ! ಅದಕ್ಕೇ ಅವರು 30-35 ಸಾವಿರ ವೋಲ್ಟಿಗೆ ಏರಿಸಿ ಕಳಿಸಿದ್ರು, ಗಣಿ ಹತ್ರ ಇಳಿಸಿಕೊಂಡ್ರು. ನಿಮ್ಮೂರ ಟ್ರಾನ್ಸ್‌ಫಾರ್ಮರ್ ಮಾಡೋದೂ ಇದನ್ನೇ, ಮೇಲೆ 11 ಸಾವಿರ ಬರತ್ತೆ, ಕೆಳಗೆ ಮನೆಗೆ 230. ಅದರ ಬೇಲಿ ಹತ್ರ ಮಾತ್ರ ಹೋಗ್ಬೇಡಿ, ಚೆಂಡು ಒಳಗೆ ಬಿದ್ರೆ ಹೊಸದು ತಗೊಳ್ಳಿ.

ವ್ಯಾಟ್ ಕಣ್ಣಿಗೆ ಕಾಣ್ಬೇಕಾ? ಮನೆ ಮೀಟರಲ್ಲಿ ಒಂದು ಪುಟ್ಟ ಕೆಂಪು ಲೈಟ್ ಮಿಟುಕ್ತಿರತ್ತೆ, ಪಕ್ಕದಲ್ಲಿ 3200 ಅಂತಲೋ 1600 ಅಂತಲೋ ಬರ್ದಿರತ್ತೆ. ಅಷ್ಟು ಸಲ ಮಿಟುಕಿದ್ರೆ ಒಂದು ಯೂನಿಟ್, ಅಂದ್ರೆ 1000 ವ್ಯಾಟ್ ಒಂದು ಗಂಟೆ ಓಡಿದಷ್ಟು. ಏನನ್ನೂ ಮುಟ್ಟದೆ ದೂರದಿಂದ ನೋಡಿದ್ರೆ ಸಾಕು. 3200ರ ಮೀಟರ್ ಆದ್ರೆ 2000 ವ್ಯಾಟಿನ ಗೀಸರ್ ಹಾಕಿದಾಗ ಸೆಕೆಂಡಿಗೆ ಹೆಚ್ಚುಕಮ್ಮಿ ಎರಡು ಸಲ, ಎಣಿಸೋಕೇ ಆಗಲ್ಲ. 75 ವ್ಯಾಟಿನ ಫ್ಯಾನ್ ಒಂದೇ ಇದ್ರೆ 15 ಸೆಕೆಂಡಿಗೊಮ್ಮೆ. ಎಲ್ಲಾ ಆರಿಸಿ 9 ವ್ಯಾಟಿನ ಒಂದು ಎಲ್ಇಡಿ ಬಲ್ಬ್ ಬಿಟ್ಟು ನಿಂತ್ಕೊಳ್ಳಿ, ಮೀಟರ್ ಕೆಟ್ಟೇ ಹೋಯ್ತೇನೋ ಅನ್ಸತ್ತೆ, ಎರಡು ನಿಮಿಷ ದಾಟಿದ ಮೇಲೆ ಟಕ್ ಅಂತ ಒಂದ್ಸಲ ಮಿಟುಕತ್ತೆ.